ಹಳೆಯ ಗೇಮಿಂಗ್ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಸಾಕೇ, ಎಲ್ಲವನ್ನೂ ಬದಲಿಸಬೇಕೇ?

ಪ್ರಶ್ನೆ: ನನ್ನ ಕಂಪ್ಯೂಟರ್ 2019ರಲ್ಲಿ ಜೋಡಿಸಿದ್ದು. ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ಡಿಡಿಆರ್4 ರ‍್ಯಾಮ್, 6 ಜಿಬಿಯ ಜಿಟಿಎಕ್ಸ್ 1060 ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಪೆಟ್ಟಿಗೆ). ವಿಂಡೋಸ್ ಚಿಕ್ಕದೊಂದು ಸಾಟಾ ಎಸ್‌ಎಸ್‌ಡಿಯಲ್ಲಿದೆ, ಗೇಮ್‌ಗಳೆಲ್ಲ 1 ಟಿಬಿ ಹಾರ್ಡ್ ಡಿಸ್ಕಿನಲ್ಲಿವೆ. ಮಾನಿಟರ್ 1080ಪಿ, 144 ಹರ್ಟ್ಸ್. ಈಚಿನ ಓಪನ್ ವರ್ಲ್ಡ್ ಗೇಮ್‌ಗಳಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್, ಅಂದರೆ ಚಿತ್ರಗಳ ಸಂಖ್ಯೆ) 50ರ ಮೇಲೆ ತೋರಿಸಿದರೂ ನಡುನಡುವೆ ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕೋಣವೆಂದರೆ ‘ಪ್ರೊಸೆಸರ್ ಬಾಟಲ್‌ನೆಕ್ ಆಗುತ್ತೆ, ಪೂರ್ತಿ ಹೊಸದೇ ಮಾಡಿಸು’ ಎನ್ನುತ್ತಾರೆ ಗೆಳೆಯರು. ಕಾರ್ಡ್ ಒಂದೇ ಸಾಕೇ? ಸಾಕಾದರೆ ಯಾವುದು?

ಉತ್ತರ: ಪೂರ್ತಿ ಹೊಸದು ಮಾಡಿಸುವ ಅಗತ್ಯವಿಲ್ಲ. ಆದರೆ ಕಾರ್ಡ್ ಒಂದನ್ನೇ ಹಾಕಿದರೆ ನಿಮ್ಮ ದೂರು ಹಾಗೇ ಉಳಿಯುವ ಸಾಧ್ಯತೆ ಹೆಚ್ಚು. ನಿಮ್ಮ ಪ್ರಶ್ನೆ ಓದುತ್ತ 1060 ಎಂಬಲ್ಲಿ ನಾನು ನಿಲ್ಲಲೇ ಇಲ್ಲ. ‘ಒಂದೇ ಒಂದು ರ‍್ಯಾಮ್’ ಎಂಬಲ್ಲಿ ನಿಂತೆ, ಆಮೇಲೆ ‘ಗೇಮ್‌ಗಳೆಲ್ಲ ಹಾರ್ಡ್ ಡಿಸ್ಕಿನಲ್ಲಿ’ ಎಂಬಲ್ಲಿ. ಕಾರ್ಡಿಗೆ ಶಕ್ತಿ ಸಾಲದಿದ್ದರೆ ಆಟ ಸಾಮಾನ್ಯವಾಗಿ ಒಂದೇ ಸಮನೆ ನಿಧಾನವಾಗುತ್ತದೆ. ನಿಂತು ನಿಂತು ಹೋಗುತ್ತಿದೆ ಎಂದರೆ ಒಳಗೆ ಯಾರೋ ಯಾರಿಗಾಗಿಯೋ ಕಾಯುತ್ತಿದ್ದಾರೆ. ಯಾರು, ಯಾರಿಗಾಗಿ ಎಂದು ಮೊದಲು ಪತ್ತೆ ಹಚ್ಚೋಣ. ಕೊಳ್ಳುವ ಮಾತು ಆಮೇಲೆ.

‘ಬಾಟಲ್‌ನೆಕ್’ ಎಂಬ ಪದ ಈಗೀಗ ಹೆದರಿಸುವುದಕ್ಕೇ ಹೆಚ್ಚು ಬಳಕೆಯಾಗುತ್ತಿದೆ. ಪ್ರತಿ ಫ್ರೇಮನ್ನೂ ಇಬ್ಬರು ಸೇರಿ ಮಾಡುತ್ತಾರೆ. ಯಾವ ಪಾತ್ರ ಎಲ್ಲಿದೆ, ಗುಂಡು ಯಾರಿಗೆ ತಗಲಿತು, ಏನೇನನ್ನು ಬಿಡಿಸಬೇಕು ಎಂದು ಪ್ರೊಸೆಸರ್ ಲೆಕ್ಕ ಹಾಕಿ ಪಟ್ಟಿ ಕೊಡುತ್ತದೆ. ಆ ಪಟ್ಟಿಯಂತೆ ಗ್ರಾಫಿಕ್ಸ್ ಕಾರ್ಡ್ ಚಿತ್ರ ಬಿಡಿಸುತ್ತದೆ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದಕ್ಕೆ ಇಬ್ಬರಿಗೂ ಸಿಗುವ ಗಡುವು 16.7 ಮಿಲಿಸೆಕೆಂಡ್. ನಿಮ್ಮ ಮಾನಿಟರಿನ 144ನ್ನು ಮುಟ್ಟಬೇಕಾದರೆ 6.9 ಮಿಲಿಸೆಕೆಂಡ್. ಇಬ್ಬರಲ್ಲಿ ನಿಧಾನದವರು ಯಾರೋ, ಅವರ ವೇಗವೇ ಯಂತ್ರದ ವೇಗ. ಹಾಗಾಗಿ ಬಾಟಲ್‌ನೆಕ್ ಇಲ್ಲದ ಕಂಪ್ಯೂಟರ್ ಎಲ್ಲೂ ಇಲ್ಲ. ಗೇಮಿನಿಂದ ಗೇಮಿಗೆ ಅದು ಬೇರೆ. ಒಂದೇ ಗೇಮಿನಲ್ಲಿ ಬಯಲಿನಿಂದ ಜನಜಂಗುಳಿಯ ಪೇಟೆಗೆ ಬಂದೊಡನೆಯೂ ಬೇರೆ. ಪ್ರೊಸೆಸರ್ ಹೆಸರು, ಕಾರ್ಡ್ ಹೆಸರು ತುಂಬಿದರೆ ‘ಇಷ್ಟು ಶೇಕಡಾ ಬಾಟಲ್‌ನೆಕ್’ ಎಂದು ಹೇಳುವ ಕ್ಯಾಲ್ಕುಲೇಟರುಗಳಿವೆಯಲ್ಲ, ಅವು ಯಾವ ಗೇಮಿನ ಯಾವ ದೃಶ್ಯ ಎಂದು ಕೇಳುವುದೇ ಇಲ್ಲ. ಅವುಗಳ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಪರೀಕ್ಷೆಗೆ ಖರ್ಚಿಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆಗೇ ಬರುವ ರಿವಾಟ್ಯೂನರ್ ಹಾಕಿಕೊಳ್ಳಿ. ಕಾರ್ಡ್ ಯಾವ ಕಂಪನಿಯದಾದರೂ ನಡೆಯುತ್ತದೆ. ಆಡುವಾಗ ಪರದೆಯ ಮೂಲೆಯಲ್ಲಿ ಕಾರ್ಡಿನ ಬಳಕೆ, ಪ್ರೊಸೆಸರಿನ ಒಂದೊಂದು ಥ್ರೆಡ್ಡಿನ (ಏಕಕಾಲಕ್ಕೆ ಕೆಲಸ ಸಾಗುವ ಒಂದೊಂದು ಸಾಲಿನ) ಬಳಕೆ, ರ‍್ಯಾಮ್ ಎಷ್ಟು ತುಂಬಿದೆ, ಕಾರ್ಡಿನ ಮೆಮೊರಿ ಎಷ್ಟು ತುಂಬಿದೆ ಎಂಬುದು ಕಾಣಲಿ. ಒಂದೊಂದು ಫ್ರೇಮಿಗೆ ಹಿಡಿದ ಸಮಯ ತೋರಿಸುವ ಫ್ರೇಮ್‌ಟೈಮಿನ ಗ್ರಾಫನ್ನು ಮರೆಯದೆ ಹಾಕಿ. ಎಫ್‌ಪಿಎಸ್ ಅಂಕಿ ಸರಾಸರಿಯದು, ಅದು ಸುಳ್ಳು ಹೇಳುತ್ತದೆ. ಒಂದು ಸೆಕೆಂಡಿನಲ್ಲಿ 50 ಫ್ರೇಮ್ ಬಂದು ಅವುಗಳಲ್ಲಿ ಒಂದೇ ಒಂದು 200 ಮಿಲಿಸೆಕೆಂಡ್ ನುಂಗಿದ್ದರೂ ಮೂಲೆಯಲ್ಲಿ 50 ಎಂದೇ ಇರುತ್ತದೆ. ಕಣ್ಣಿಗೆ ಮಾತ್ರ ಆ ಒಂದೇ ಕಾಣುತ್ತದೆ. ಗ್ರಾಫಿನಲ್ಲಿ ಅದು ಮುಳ್ಳಿನಂತೆ ಎದ್ದು ನಿಂತಿರುತ್ತದೆ.

ಕಾರ್ಡಿನ ಬಳಕೆ 97–99 ಶೇಕಡಾ ಇದ್ದರೆ ಕೆಲವರು ಗಾಬರಿಯಾಗುತ್ತಾರೆ. ಅದು ಆರೋಗ್ಯದ ಲಕ್ಷಣ, ಕಾರ್ಡ್ ಪೂರ್ತಿ ದುಡಿಯುತ್ತಿದೆ ಎಂದರ್ಥ. ಎಫ್‌ಪಿಎಸ್ಸಿಗೆ ಮಿತಿ ಹಾಕಿರದೆಯೂ ಕಾರ್ಡಿನ ಬಳಕೆ 60–70 ಶೇಕಡಾದಲ್ಲಿ ಓಲಾಡುತ್ತಿದ್ದರೆ ಅದಕ್ಕೆ ಪ್ರೊಸೆಸರಿನ ಪಟ್ಟಿ ಸಮಯಕ್ಕೆ ಸಿಗುತ್ತಿಲ್ಲ. ಇಲ್ಲಿ ಹಲವರು ಎಡವುವ ಜಾಗವೊಂದಿದೆ: ‘ಪ್ರೊಸೆಸರ್ ಬಳಕೆ 45 ಶೇಕಡಾ ಅಷ್ಟೇ, ಅದು ಆರಾಮಾಗಿದೆ’ ಎಂದುಕೊಳ್ಳುತ್ತಾರೆ. ನಿಮ್ಮ 2600ರಲ್ಲಿ 6 ಕೋರ್, 12 ಥ್ರೆಡ್. ಒಂದು ಥ್ರೆಡ್ ಪೂರ್ತಿ ಬಸವಳಿದರೂ ಒಟ್ಟು ಲೆಕ್ಕದಲ್ಲಿ ಅದು 8 ಶೇಕಡಾಕ್ಕೆ ತುಸು ಮೇಲೆ, ಅಷ್ಟೇ. ಎಷ್ಟೋ ಗೇಮ್‌ಗಳಲ್ಲಿ ಮುಖ್ಯ ಕೆಲಸವೆಲ್ಲ ಒಂದೆರಡು ಥ್ರೆಡ್ಡುಗಳ ಹೆಗಲ ಮೇಲೇ ಇರುತ್ತದೆ. ಉಳಿದ ಹತ್ತು ಆಕಳಿಸುತ್ತ ಕೂತಿದ್ದರೂ ಪ್ರೊಸೆಸರ್ ಸೋತಿರಬಹುದು.

ಇನ್ನೂ ಸರಳ ಉಪಾಯ ಬೇಕೆಂದರೆ, ಅದೇ ಜಾಗದಲ್ಲಿ ನಿಂತು ರೆಸಲ್ಯೂಶನ್ನನ್ನು 1080ಪಿಯಿಂದ 720ಪಿಗೆ ಇಳಿಸಿ. ಬಿಡಿಸಬೇಕಾದ ಪಿಕ್ಸೆಲ್‌ಗಳು ಸುಮಾರು 20.7 ಲಕ್ಷದಿಂದ 9.2 ಲಕ್ಷಕ್ಕೆ ಇಳಿಯುತ್ತವೆ. ಕಾರ್ಡಿನ ಹೊರೆ ಅರ್ಧಕ್ಕಿಂತ ಕಡಿಮೆ, ಪ್ರೊಸೆಸರಿನ ಹೊರೆ ಹೆಚ್ಚುಕಡಿಮೆ ಇದ್ದಷ್ಟೇ. ಎಫ್‌ಪಿಎಸ್ ಜಿಗಿದರೆ ಕಾರ್ಡ್ ಬದಲಿಸಿ ಫಲವಿದೆ. ಜಿಗಿಯದಿದ್ದರೆ ಎಂಥ ಕಾರ್ಡ್ ತಂದರೂ ಆ ಗೇಮಿನಲ್ಲಿ ಅಷ್ಟೇ. ಎಫ್‌ಪಿಎಸ್ ಜಿಗಿದೂ ಮುಳ್ಳುಗಳು ಹಾಗೇ ಉಳಿದರೆ ರ‍್ಯಾಮ್, ಡಿಸ್ಕುಗಳ ಕಡೆ ತಿರುಗಿ. ನಿಮ್ಮದು ಈ ಮೂರನೆಯ ಬಗೆ ಎಂದು ನನ್ನ ಊಹೆ.

ಯಾಕೆ ಹಾಗನ್ನಿಸಿತು ಎಂದರೆ, ವಿಂಡೋಸ್, ಒಂದು ಬ್ರೌಸರ್, ಒಂದು ಚಾಟ್ ಆ್ಯಪ್ ತೆರೆದಿಟ್ಟರೆ 8 ಜಿಬಿಯಲ್ಲಿ ಗೇಮಿಗೆ ಉಳಿಯುವುದು ನಾಲ್ಕೈದು ಜಿಬಿ. ಅದು ಸಾಲದಾದಾಗ ವಿಂಡೋಸ್ ಸ್ವಲ್ಪ ಭಾಗವನ್ನು ಡಿಸ್ಕಿಗೆ ಸರಿಸುತ್ತದೆ. ಗೇಮ್ ಅದನ್ನೇ ಕೇಳಿದಾಗ ಮತ್ತೆ ಹೊತ್ತು ತರುತ್ತದೆ. ಆ ಹೊತ್ತಿನಲ್ಲಿ ಪರದೆ ನಿಲ್ಲುತ್ತದೆ. ಎರಡನೆಯದು, ನಿಮ್ಮ ರ‍್ಯಾಮ್ ಒಂಟಿ. ಮದರ್‌ಬೋರ್ಡಿನಲ್ಲಿ ಮೆಮೊರಿಗೆ ಎರಡು ಚಾನೆಲ್‌ಗಳಿವೆ. ಡಿಡಿಆರ್4-3200 ರ‍್ಯಾಮ್ ಒಂದು ಚಾನೆಲ್ಲಿನಲ್ಲಿ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು, ಎರಡು ಚಾನೆಲ್ಲಿಗೂ ಒಂದೊಂದು ಹಾಕಿದರೆ 51.2. ನಾಲ್ಕು ಸಾಲಿನ ರಸ್ತೆ ಇದ್ದೂ ಎರಡಕ್ಕೆ ಬೇಲಿ ಹಾಕಿಕೊಂಡು ಓಡಾಡುತ್ತಿದ್ದೀರಿ. ಅದೂ ರೈಜನ್ನಿನಲ್ಲಿ! 2600ರಂಥ ರೈಜನ್‌ಗಳಲ್ಲಿ ಕೋರ್‌ಗಳ ಗುಂಪುಗಳನ್ನು ಒಂದಕ್ಕೊಂದು ಜೋಡಿಸುವ ಒಳದಾರಿ ಮೆಮೊರಿಯ ವೇಗಕ್ಕೇ ಕಟ್ಟಿಕೊಂಡು ಓಡುತ್ತದೆ. ಮೆಮೊರಿ ನಿಧಾನವಾದರೆ ಪ್ರೊಸೆಸರ್ ತನ್ನೊಳಗೇ ನಿಧಾನವಾಗುತ್ತದೆ.

ಇನ್ನೊಂದು 8 ಜಿಬಿ ತಂದು ಪಕ್ಕಕ್ಕೆ ಹಾಕಿದರೆ ಆಗದೇ ಎಂದು ಕೇಳುತ್ತೀರಿ. ಆಗಬಹುದು. ಆಗದೆಯೂ ಇರಬಹುದು. ಹೆಸರು, ವೇಗ ಎರಡೂ ಒಂದೇ ಇದ್ದರೂ ಒಳಗಿನ ಚಿಪ್ ಬೇರೆಯಾಗಿದ್ದರೆ ಎರಡೂ ಸೇರಿ ಪೂರ್ಣ ವೇಗದಲ್ಲಿ ಓಡಲು ಒಲ್ಲೆನ್ನಬಹುದು. ನಾನಾದರೆ ಒಂದೇ ಪೊಟ್ಟಣದಲ್ಲಿ ಜೋಡಿಯಾಗಿ ಬರುವ 16 ಜಿಬಿಯ ಎರಡು, ಒಟ್ಟು 32 ಜಿಬಿ, 3200ರ ವೇಗದ್ದು ತೆಗೆದುಕೊಳ್ಳುತ್ತೇನೆ. 2025ರ ಕೊನೆಯಿಂದ ಮೆಮೊರಿಯ ಬೆಲೆ ಎಲ್ಲೆಡೆ ಏರಿದೆ. ಕೈ ಬಿಗಿಯಾಗಿದ್ದರೆ 8 ಜಿಬಿಯ ಜೋಡಿ ತನ್ನಿ. 16 ಜಿಬಿಯಲ್ಲಿ ಇವತ್ತಿನ ಬಹುಪಾಲು ಗೇಮ್‌ಗಳು ನಡೆಯುತ್ತವೆ, ಬ್ರೌಸರ್ ಮುಚ್ಚಿಟ್ಟು ಆಡಬೇಕು ಅಷ್ಟೇ. ನಾಲ್ಕು ಸ್ಲಾಟ್ ಇರುವ ಬೋರ್ಡಾದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಿ. ಅಕ್ಕಪಕ್ಕದ ಎರಡರಲ್ಲಿ ಹಾಕಿದರೆ ಬಹುತೇಕ ಬೋರ್ಡುಗಳಲ್ಲಿ ಎರಡೂ ಒಂದೇ ಚಾನೆಲ್ಲಿಗೆ ಬೀಳುತ್ತವೆ.

ಹಾಕಿದ ಮೇಲೆ ಬಯಾಸ್‌ಗೆ (ಯಂತ್ರ ಆನ್ ಆದೊಡನೆ ಓಡುವ, ಬೋರ್ಡಿನ ಸ್ವಂತ ತಂತ್ರಾಂಶಕ್ಕೆ) ಹೋಗಿ ಎಕ್ಸ್‌ಎಂಪಿ, ಅಂದರೆ ಮೆಮೊರಿಯನ್ನು ಅದರ ಪೂರ್ಣ ವೇಗಕ್ಕೆ ಏರಿಸುವ ಸೆಟ್ಟಿಂಗ್, ಆನ್ ಮಾಡಿ. ಕೆಲವು ಬೋರ್ಡುಗಳಲ್ಲಿ ಅದಕ್ಕೆ ಡಿಒಸಿಪಿ ಎಂಬ ಹೆಸರಿದೆ. ಪೊಟ್ಟಣದ ಮೇಲೆ 3200 ಎಂದಿದ್ದರೂ ರ‍್ಯಾಮ್ ತಾನಾಗಿ ಆ ವೇಗಕ್ಕೆ ಏರುವುದಿಲ್ಲ. 2133 ಅಥವಾ 2400ರಲ್ಲೇ ಸುಮ್ಮನಿರುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಪುಟ ತೆರೆದರೆ ಈಗಿನ ವೇಗ ಕಾಣುತ್ತದೆ. ‘ನಿಧಾನ’ ಎಂದು ನನ್ನ ಹತ್ತಿರ ಬಂದ ಎಷ್ಟೋ ಯಂತ್ರಗಳಲ್ಲಿ ಇದೊಂದನ್ನು ಆನ್ ಮಾಡಿ ವಾಪಸು ಕಳಿಸಿದ್ದೇನೆ. 2600 ಅಧಿಕೃತವಾಗಿ ಒಪ್ಪುವುದು 2933ರ ತನಕ. 3200ರಲ್ಲಿ ತಕರಾರು ತೆಗೆದರೆ ಒಂದು ಮೆಟ್ಟಿಲು ಇಳಿಸಿ. ಮುಂದೆ ಪ್ರೊಸೆಸರ್ ಬದಲಿಸಿದಾಗ ಅದೇ ರ‍್ಯಾಮ್ 3200ರಲ್ಲಿ ಓಡುತ್ತದೆ.

ಡಿಸ್ಕಿನ ವಿಷಯ ಚಿಕ್ಕದು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೇ 8.3 ಮಿಲಿಸೆಕೆಂಡ್ ಬೇಕು. ಅದರ ತಲೆ ಸರಿಯಾದ ಜಾಗಕ್ಕೆ ಸರಿಯುವ ಸಮಯ ಬೇರೆ. ಒಂದು ಚೂರನ್ನು ಹುಡುಕುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಫ್ರೇಮಿನ ಗಡುವು ಮುಗಿದಿರುತ್ತದೆ. ಓಪನ್ ವರ್ಲ್ಡ್ ಗೇಮ್‌ಗಳು ನೀವು ಓಡುತ್ತಿರುವಾಗಲೇ ಮುಂದಿನ ಬೀದಿಯನ್ನು ಡಿಸ್ಕಿನಿಂದ ಎಳೆದುಕೊಳ್ಳುತ್ತಿರುತ್ತವೆ. ಈಚಿನ ಹಲವು ಗೇಮ್‌ಗಳು ಎಸ್‌ಎಸ್‌ಡಿ ಕಡ್ಡಾಯ ಎಂದೇ ಬರೆಯುತ್ತವೆ. ಬೋರ್ಡಿನ ಎಂ.2 ಸ್ಲಾಟಿಗೆ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಒಂದು ಸಾಕು. ಸೆಕೆಂಡಿಗೆ 7000 ಎಂಬಿ ಎಂದು ದೊಡ್ಡಕ್ಷರದಲ್ಲಿ ಬರೆದದ್ದನ್ನು ಹುಡುಕಬೇಡಿ. ಬಿ450ಯ ಸ್ಲಾಟ್ ಮೂರನೆಯ ತಲೆಮಾರಿನದು, 3500ರ ಆಸುಪಾಸಿಗೆ ನಿಲ್ಲುತ್ತದೆ. ಆಟದಲ್ಲಿ ಆ ಎರಡರ ವ್ಯತ್ಯಾಸ ಕಣ್ಣಿಗೆ ಬೀಳುವುದೂ ಕಷ್ಟ. ಒಂದು ಎಚ್ಚರಿಕೆ: ಕೆಲವು ಬೋರ್ಡುಗಳಲ್ಲಿ ಎಂ.2 ತುಂಬಿದರೆ ಒಂದೆರಡು ಸಾಟಾ ಪೋರ್ಟುಗಳು ಸತ್ತು ಹೋಗುತ್ತವೆ. ಹಳೆಯ ಡಿಸ್ಕ್ ಇದ್ದಕ್ಕಿದ್ದಂತೆ ಮಾಯವಾದರೆ ಕೆಟ್ಟಿತೆಂದು ಅಳಬೇಡಿ, ಕೇಬಲನ್ನು ಬೇರೆ ಪೋರ್ಟಿಗೆ ಹಾಕಿ ನೋಡಿ.

ಈಗ ಕಾರ್ಡ್. 1060 ಬಂದದ್ದು 2016ರಲ್ಲಿ, ದುಡಿದದ್ದು ಸಾಕು. ಎನ್‌ವಿಡಿಯಾ ಆ ತಲೆಮಾರಿನ ಕಾರ್ಡುಗಳಿಗೆ ಹೊಸ ಗೇಮ್‌ಗಳಿಗೆಂದು ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರಿನಲ್ಲಿ ನಿಲ್ಲಿಸಿತು. ಇನ್ನು ಬರುವುದು ಭದ್ರತೆಯ ಅಪ್‌ಡೇಟ್‌ಗಳು ಮಾತ್ರ. ರೇ ಟ್ರೇಸಿಂಗ್ (ಬೆಳಕಿನ ಹಾದಿಯನ್ನು ಲೆಕ್ಕ ಹಾಕಿ ಚಿತ್ರ ಬಿಡಿಸುವ) ಹಾರ್ಡ್‌ವೇರ್ ಇಲ್ಲದಿದ್ದರೆ ತೆರೆದುಕೊಳ್ಳಲೇ ಒಲ್ಲದ ಗೇಮ್‌ಗಳೂ ಬಂದಿವೆ. ಆದ್ದರಿಂದ ಕಾರ್ಡ್ ಬದಲಿಸುವುದು ಸರಿಯೇ. ಯಾವುದು ಎಂಬಲ್ಲಿ ನಿಮ್ಮ ಹಳೆಯ ಬೋರ್ಡ್ ನಡುವೆ ಬರುತ್ತದೆ, ಮತ್ತು ಅಂಗಡಿಯ ಪಟ್ಟಿಗಳಲ್ಲಿ ಈ ಮಾತು ಬರೆದಿರುವುದಿಲ್ಲ.

ಕಾರ್ಡ್ ಕೂರುವ ಉದ್ದನೆಯ ಸ್ಲಾಟಿನಲ್ಲಿ 16 ಲೇನ್‌ಗಳು, ಅಂದರೆ ಮಾಹಿತಿ ಓಡಾಡುವ ಓಣಿಗಳು, ಇವೆ. ಆದರೆ ಸ್ಲಾಟ್ ಉದ್ದವಿದ್ದ ಮಾತ್ರಕ್ಕೆ ಕಾರ್ಡ್ ಎಲ್ಲವನ್ನೂ ಬಳಸುತ್ತದೆ ಎಂದಲ್ಲ. ಆರ್‌ಟಿಎಕ್ಸ್ 4060, ಆರ್‌ಎಕ್ಸ್ 7600, ಆರ್‌ಟಿಎಕ್ಸ್ 5060 ಇವೆಲ್ಲ 8 ಲೇನಿನ ಕಾರ್ಡುಗಳು. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಅಂತೂ ಬರೀ 4. ಹೊಸ ಬೋರ್ಡುಗಳಲ್ಲಿ ಒಂದೊಂದು ಲೇನೂ ಅಗಲವಾಗಿರುವುದರಿಂದ ನಡೆದುಹೋಗುತ್ತದೆ. ಬಿ450ಯಲ್ಲಿ ಈ ಸ್ಲಾಟ್ ಹಳೆಯ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್ 3.0. ಅಲ್ಲಿ 8 ಲೇನ್ ಎಂದರೆ ಸೆಕೆಂಡಿಗೆ ಸುಮಾರು 8 ಜಿಬಿ.

ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಎಲ್ಲ ಹಿಡಿಸುವ ತನಕ ಇದರಿಂದ ಏನೂ ತೊಂದರೆಯಿಲ್ಲ. ಹಿಡಿಸದಿದ್ದಾಗ ಕಥೆ ಶುರು. 4060ಯ ಸ್ವಂತ ಮೆಮೊರಿ ಸೆಕೆಂಡಿಗೆ 272 ಜಿಬಿ ಕೊಡುತ್ತದೆ. ಅದರ 8 ಜಿಬಿ ತುಂಬಿ ತುಳುಕಿದರೆ ಉಳಿದ ಟೆಕ್ಸ್ಚರ್‌ಗಳು ಕಂಪ್ಯೂಟರಿನ ರ‍್ಯಾಮಿನಲ್ಲಿ ಕೂತು, ಸೆಕೆಂಡಿಗೆ 8 ಜಿಬಿಯ ಆ ಸಂದಿಯಲ್ಲಿ ನುಸುಳಿ ಬರಬೇಕು. ಮೂವತ್ತಕ್ಕೂ ಹೆಚ್ಚು ಪಟ್ಟು ಇಕ್ಕಟ್ಟು! ಆಗ ನೀವು ಈಗ ಹೇಳುತ್ತಿರುವ ಅದೇ ‘ಗಕ್ಕನೆ ನಿಲ್ಲುವ’ ರೋಗ ಹೊಸ ಕಾರ್ಡಿನಲ್ಲೂ ವಕ್ಕರಿಸುತ್ತದೆ. ಹಾಗಾಗಿ ಹೊಸ ಬೋರ್ಡ್ ಇರುವವರಿಗೆ 8 ಜಿಬಿ ಕಾರ್ಡ್ ಒಂದು ರಾಜಿ, ನಿಮಗೆ ಅದು ಎರಡು ಕಡೆಯ ಹೊಡೆತ. ಹಳೆಯ ಬೋರ್ಡಿಗೆ ಕಾರ್ಡ್ ಆರಿಸುವಾಗ ನಾನು ಮೊದಲು ನೋಡುವುದು ಲೇನ್ ಎಷ್ಟು, ಮೆಮೊರಿ ಎಷ್ಟು ಎಂದು. ಹೆಸರಿನ ಅಂಕಿ ಆಮೇಲೆ.

ಈ ಲೆಕ್ಕದಲ್ಲಿ ನಿಮ್ಮ ಬೋರ್ಡಿಗೆ ಚೆನ್ನಾಗಿ ಒಗ್ಗುವುದು 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ. ಅದಕ್ಕೆ 16 ಲೇನ್ ಇದೆ, 160 ವ್ಯಾಟಿನ ಸುತ್ತಮುತ್ತ ವಿದ್ಯುತ್ ಸಾಕು. ಅದೇ ಹೆಸರಿನಲ್ಲಿ 8 ಜಿಬಿಯದೂ ಇದೆ, ಡಬ್ಬಿಯನ್ನು ಎರಡು ಸಲ ಓದಿ. ಆರ್‌ಟಿಎಕ್ಸ್ 5060 ಟಿಐ ಕೂಡ 8 ಮತ್ತು 16 ಎಂಬ ಎರಡು ರೂಪಗಳಲ್ಲಿ ಬರುತ್ತದೆ. 16 ಜಿಬಿಯದಾದರೆ ಅದರ 8 ಲೇನಿನ ಕೊರತೆ ಅಷ್ಟಾಗಿ ಕಾಡುವುದಿಲ್ಲ, ಯಾಕೆಂದರೆ ತುಳುಕುವ ಪ್ರಸಂಗವೇ ಅಪರೂಪ. ಹಳೆಯದನ್ನು ಕೊಳ್ಳುವುದಾದರೆ 2021ರ ಆರ್‌ಟಿಎಕ್ಸ್ 3060, 12 ಜಿಬಿಯದು. 16 ಲೇನ್, ವೇಗ ಸಾಧಾರಣ, ಆದರೆ ನೆಮ್ಮದಿಯ ಕಾರ್ಡ್. ಇಂಟೆಲ್‌ನ ಆರ್ಕ್ ಬಿ580 ಮೇಲೆ ಹಲವರ ಕಣ್ಣಿದೆ. 12 ಜಿಬಿ ಮೆಮೊರಿ, ಒಳ್ಳೆಯ ಕಾರ್ಡೇ. ಆದರೆ ಅದಕ್ಕೆ ರೀಸೈಜಬಲ್ ಬಾರ್ ಎಂಬ, ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೆ ಮುಟ್ಟಲು ಬಿಡುವ ಸೌಲಭ್ಯ ಬೇಕೇ ಬೇಕು, ರೈಜನ್‌ಗಳಲ್ಲಿ ಅದು ಅಧಿಕೃತವಾಗಿ ಸಿಗುವುದು 3000 ಸರಣಿಯಿಂದ ಈಚೆಗೆ. ಅದರ ಡ್ರೈವರ್ ಪ್ರೊಸೆಸರಿನ ಮೇಲೆ ಹೇರುವ ಭಾರವೂ ಜಾಸ್ತಿ. 2600 ಇರುವ ತನಕ ಅದರ ತಂಟೆಗೆ ಹೋಗಬೇಡಿ.

ಇದಕ್ಕಿಂತ ಮೇಲಿನ ದರ್ಜೆಯ ಕಾರ್ಡುಗಳು ನಿಮ್ಮ ಯಂತ್ರಕ್ಕೆ ಮೂಗಿಗಿಂತ ಮೂಗುತಿ ಭಾರ. 1080ಪಿ ಮಾನಿಟರಿಗೆ ಅವು ಬೇಕಿಲ್ಲ, ಹಳೆಯ ಪ್ರೊಸೆಸರ್ ಅವಕ್ಕೆ ಸಾಕಷ್ಟು ಕೆಲಸ ಒದಗಿಸುವುದೂ ಇಲ್ಲ. ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ಹಿಗ್ಗಿಸಿ ತೋರಿಸುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಇವೆಯಲ್ಲ ಎಂದರೆ, ಅವು ಕಾರ್ಡಿನ ಹೊರೆ ಇಳಿಸುತ್ತವೆ, ಪ್ರೊಸೆಸರಿನದ್ದಲ್ಲ. ನಡುನಡುವೆ ತಾನೇ ಸೃಷ್ಟಿಸಿದ ಫ್ರೇಮ್ ತುಂಬುವ ಫ್ರೇಮ್ ಜನರೇಶನ್ ಅಂಕಿ ಏರಿಸುತ್ತದೆ. ಆದರೆ ನಿಜವಾದ ಫ್ರೇಮುಗಳು 60ರ ಹತ್ತಿರ ಇಲ್ಲದಿದ್ದರೆ ಮೌಸ್ ಎಳೆದದ್ದಕ್ಕೂ ಪರದೆ ತಿರುಗಿದ್ದಕ್ಕೂ ನಡುವೆ ಜಗ್ಗಾಟ ಕೈಗೆ ಗೊತ್ತಾಗುತ್ತದೆ. ಮುಗ್ಗರಿಸುವ ಆಟಕ್ಕೆ ಅದು ಮದ್ದಲ್ಲ.

ಎಸ್‌ಎಂಪಿಎಸ್ ಬಗ್ಗೆ ನೀವು ಕೇಳಿಲ್ಲ. ಯಾರೂ ಕೇಳುವುದಿಲ್ಲ. ಲೆಕ್ಕ ಹಾಕಿದರೆ ಕಾರ್ಡಿಗೆ 160ರಿಂದ 180, ಪ್ರೊಸೆಸರಿಗೆ ಹೆಚ್ಚೆಂದರೆ 90ರ ತನಕ, ಉಳಿದದ್ದಕ್ಕೆ 50–60, ಎಲ್ಲ ಸೇರಿ 330 ವ್ಯಾಟ್ ದಾಟುವುದಿಲ್ಲ. 450 ಸಾಕಲ್ಲ ಅನ್ನಿಸುತ್ತದೆ. ಪಕ್ಕದಲ್ಲಿ ಅಂಟಿಸಿದ ಚೀಟಿ ನೋಡಿ. ಅದರಲ್ಲಿ +12 ವೋಲ್ಟ್ ಎಂಬ ಸಾಲಿನ ಕೆಳಗೆ ಆಂಪಿಯರ್ ಬರೆದಿರುತ್ತದೆ. ಅದನ್ನು 12ರಿಂದ ಗುಣಿಸಿ. ಕಾರ್ಡ್, ಪ್ರೊಸೆಸರ್ ಎರಡೂ ತಿನ್ನುವುದು ಆ ಸಾಲಿನಿಂದಲೇ. 36 ಆಂಪಿಯರ್ ಇದ್ದರೆ 432 ವ್ಯಾಟ್, ಮರ್ಯಾದಸ್ಥ ಯಂತ್ರ. 25 ಇದ್ದರೆ 300 ಮಾತ್ರ. ಮೇಲೆ 450 ಎಂದು ಎಷ್ಟು ದೊಡ್ಡದಾಗಿ ಬರೆದಿದ್ದರೂ ಅದು ಲೆಕ್ಕಕ್ಕಿಲ್ಲ. ಸಾಲದ್ದಕ್ಕೆ ಈಚಿನ ಕಾರ್ಡುಗಳು ಕಣ್ಣು ಮಿಟುಕಿಸುವುದರ ಸಣ್ಣ ಭಾಗದಷ್ಟು ಹೊತ್ತು ತಮ್ಮ ಸರಾಸರಿಗಿಂತ ಬಹಳ ಹೆಚ್ಚು ಎಳೆಯುತ್ತವೆ. ಹಳೆಯ ಎಸ್‌ಎಂಪಿಎಸ್ ಅದನ್ನು ಅಪಾಯವೆಂದು ತಿಳಿದು ಪಟ್ಟನೆ ಆಫ್ ಆಗುತ್ತದೆ. 2022ರ ಎಟಿಎಕ್ಸ್ 3.0 ನಿಯಮದಲ್ಲಿ ಈ ಎಳೆತಗಳನ್ನು ತಾಳಿಕೊಳ್ಳಬೇಕೆಂದು ಸೇರಿಸಿದ್ದೇ ಇದಕ್ಕಾಗಿ. ಬ್ರಾಂಜ್, ಗೋಲ್ಡ್ ಎಂಬ 80 ಪ್ಲಸ್ ಪದಕಗಳು ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನಷ್ಟೇ. ಒಳಗಿನ ರಕ್ಷಣೆಯ ಗುಣಮಟ್ಟ ಅವುಗಳಿಂದ ಗೊತ್ತಾಗುವುದಿಲ್ಲ. ಆರೇಳು ವರ್ಷ ದುಡಿದ 450ನ್ನು ನಾನು ಹೊಸ ಕಾರ್ಡಿನ ಜೊತೆ ಮುಂದುವರಿಸುವುದಿಲ್ಲ. ಒಳ್ಳೆಯ 650 ವ್ಯಾಟಿನದು ತನ್ನಿ. ಮುಂದಿನ ಯಂತ್ರಕ್ಕೂ ಅದು ಬರುತ್ತದೆ.

ಬದಲಿಸುವಾಗ ಒಂದು ಮಾತನ್ನು ನೆನಪಿಡಿ, ಇದನ್ನು ನಾನು ಕಲಿತದ್ದು ಸ್ವಂತ ನಷ್ಟದಿಂದ. ಕೆಲವು ಎಸ್‌ಎಂಪಿಎಸ್‌ಗಳಲ್ಲಿ ಕೇಬಲ್‌ಗಳನ್ನು ಬಿಚ್ಚಿ ಹಾಕಬಹುದು. ಒಮ್ಮೆ ಸೋಮಾರಿತನದಿಂದ ಹಳೆಯದರ ಸಾಟಾ ಕೇಬಲ್ಲನ್ನು ಕ್ಯಾಬಿನೆಟ್ಟಿನಲ್ಲೇ ಬಿಟ್ಟು, ಅದರ ತುದಿಯನ್ನು ಹೊಸ ಎಸ್‌ಎಂಪಿಎಸ್ಸಿಗೆ ಚುಚ್ಚಿದೆ. ಸಲೀಸಾಗಿ ಕೂತಿತು. ಆನ್ ಮಾಡಿದೆ, ಎರಡು ಡಿಸ್ಕ್ ಸತ್ತವು. ಡಿಸ್ಕಿನ ಕಡೆಯ ತುದಿಗೆ ಜಗತ್ತಿಗೆಲ್ಲ ಒಂದೇ ನಿಯಮ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ತಂತಿ ಎಲ್ಲಿ ಎಂಬುದು ಅವರವರ ಇಷ್ಟ. 5 ವೋಲ್ಟ್ ಇರಬೇಕಾದಲ್ಲಿ 12 ಬಂದಿತ್ತು. ಹಳೆಯದು ಹೊರಗೆ ಹೋಗುವಾಗ ಅದರ ಕೇಬಲ್‌ಗಳೂ ಅದರ ಜೊತೆಗೇ ಹೋಗಲಿ, ಒಂದೂ ಉಳಿಯಬಾರದು.

ಇನ್ನು ಗೆಳೆಯರು ಹೆದರಿಸಿದ ಪ್ರೊಸೆಸರ್. ಅವರ ಮಾತು ಪೂರ್ತಿ ಸುಳ್ಳಲ್ಲ. 144ರ ಹತ್ತಿರ ಹೋಗಬೇಕೆಂದರೆ 2600 ತಡೆಯಾಗುತ್ತದೆ. ಆದರೆ ಅದಕ್ಕೆ ಬೋರ್ಡ್, ರ‍್ಯಾಮ್ ಎಲ್ಲ ಎಸೆಯುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಪ್ರೊಸೆಸರ್ ಕೂರುವ ನಿಮ್ಮ ಎಎಂ4 ಸಾಕೆಟ್ ದೀರ್ಘಾಯುಷಿ. ಬಯಾಸ್ ಹೊಸದು ಹಾಕಿದರೆ ಬಿ450ಗೆ 5000 ಸರಣಿಯ ಪ್ರೊಸೆಸರುಗಳೂ ಹೊಂದುತ್ತವೆ. ರೈಜನ್ 5 5600 ಹಾಕಿದರೂ ದೊಡ್ಡ ಜಿಗಿತ. 2600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ಚಿಕ್ಕ, ಚುರುಕಾದ ಮೆಮೊರಿ) 16 ಎಂಬಿ, ಅದೂ ಎಂಟೆಂಟರ ಎರಡು ಪಾಲಾಗಿ. 5600ರಲ್ಲಿ ಒಟ್ಟಿಗೇ 32. ರೈಜನ್ 7 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ಎಲ್ಲಾದರೂ ಸಿಕ್ಕರೆ 96. ಗೇಮಿಗೆ ಕ್ಯಾಶ್ ಯಾಕೆ ಇಷ್ಟು ಮುಖ್ಯ ಎಂದರೆ, ಬೇಕಾದ ಮಾಹಿತಿ ಕ್ಯಾಶಿನಲ್ಲಿದ್ದರೆ ಹತ್ತು ನ್ಯಾನೊಸೆಕೆಂಡಿನ ಆಸುಪಾಸಿನಲ್ಲಿ ಕೈಗೆ ಬರುತ್ತದೆ, ರ‍್ಯಾಮಿನ ತನಕ ಹೋಗಿ ತರಬೇಕಾದರೆ ಅದರ ಏಳೆಂಟು ಪಟ್ಟು. ಸಾವಿರಾರು ವಸ್ತುಗಳ ಲೆಕ್ಕ ಇಡುವ ಗೇಮಿಗೆ ಈ ಓಡಾಟವೇ ದೊಡ್ಡ ಖರ್ಚು. ಹೆಸರಿನ ಬಲೆಗೆ ಬೀಳಬೇಡಿ: 5500 ಮತ್ತು 5600ಜಿ ಎಂಬವೂ ಇವೆ, ಅವುಗಳ ಕ್ಯಾಶ್ 16 ಮಾತ್ರ. 5600ರ ತಮ್ಮಂದಿರಂತೆ ಕಂಡರೂ ಬೇರೆಯೇ ಚಿಪ್.

ಕ್ರಮ ತಪ್ಪಿಸಬೇಡಿ. ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ. ಹೊಸದನ್ನು ಕೂರಿಸಿದ ಮೇಲೆ ನೆನಪಾದರೆ ಯಂತ್ರ ಕಣ್ಣೇ ತೆರೆಯುವುದಿಲ್ಲ. ಯಾವ ಪ್ರೊಸೆಸರಿಗೆ ಯಾವ ಆವೃತ್ತಿ ಎಂದು ಬೋರ್ಡ್ ತಯಾರಿಸಿದವರೇ ಪಟ್ಟಿ ಕೊಟ್ಟಿರುತ್ತಾರೆ. ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದ್ದರೆ ಅದರ ರಿಕವರಿ ಕೀ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಬಯಾಸ್ ಬದಲಾದಾಗ ಕೇಳಬಹುದು. ಅಪ್‌ಡೇಟ್ ಆದಮೇಲೆ ಎಕ್ಸ್‌ಎಂಪಿ ಆಫ್ ಆಗಿರುತ್ತದೆ, ಮತ್ತೆ ಆನ್ ಮಾಡಿ.

ಪ್ರೊಸೆಸರ್ ತೆಗೆಯುವಾಗ ಹೆಚ್ಚು ಜನ ಕೈ ಸುಟ್ಟುಕೊಳ್ಳುವುದು ಕೂಲರ್ ಎಳೆಯುವಲ್ಲಿ. ಎಎಂ4ರಲ್ಲಿ ಪಿನ್ನುಗಳು ಪ್ರೊಸೆಸರಿನ ಹೊಟ್ಟೆಗೇ ಇರುತ್ತವೆ. ವರ್ಷಗಟ್ಟಲೆ ಒಣಗಿದ ಥರ್ಮಲ್ ಪೇಸ್ಟ್ ಗೋಂದಿನಂತೆ ಹಿಡಿದಿರುತ್ತದೆ. ನೇರ ಮೇಲಕ್ಕೆ ಎಳೆದರೆ ಲಾಕ್ ಹಾಕಿದ್ದರೂ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಕೂಲರಿಗೆ ಅಂಟಿಕೊಂಡೇ ಬಂದುಬಿಡುತ್ತದೆ, ಪಿನ್ ಬಾಗುತ್ತವೆ. ಅದಕ್ಕೆ ಮೊದಲು ಹತ್ತು ಹದಿನೈದು ನಿಮಿಷ ಒಂದು ಗೇಮ್ ಓಡಿಸಿ ಪೇಸ್ಟ್ ಬೆಚ್ಚಗಾಗಲಿ. ಆಮೇಲೆ ಆಫ್ ಮಾಡಿ, ವಿದ್ಯುತ್ ತಂತಿ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ನಿಧಾನ ತಿರುಚುತ್ತ ಸಡಿಲಿಸಿ. ಸಡಿಲಾದದ್ದು ಕೈಗೇ ತಿಳಿಯುತ್ತದೆ. 3ಡಿ ಪ್ರೊಸೆಸರುಗಳ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ, ಹಳೆಯ ಚಿಕ್ಕ ಕೂಲರ್ ಅವಕ್ಕೆ ಸಾಲದು.

ಹೊಸ ಎಎಂ5ಗೆ ಹೋಗುವುದು ಯಾವಾಗ ಸರಿ? ನಿಮ್ಮ ಬೋರ್ಡ್ ಕೆಟ್ಟರೆ, ಅಥವಾ ಎಎಂ4ರ ಒಳ್ಳೆಯ ಪ್ರೊಸೆಸರ್ ಎಲ್ಲೂ ಸಿಗದಿದ್ದರೆ. ಅಲ್ಲಿಗೆ ಹೋದರೆ ಬೋರ್ಡ್, ಪ್ರೊಸೆಸರ್, ಡಿಡಿಆರ್5 ರ‍್ಯಾಮ್ ಮೂರನ್ನೂ ಒಟ್ಟಿಗೆ ಕೊಳ್ಳಬೇಕು. ಈಗಿನ ಮೆಮೊರಿ ಬೆಲೆಯಲ್ಲಿ ಅವಸರ ಮಾಡುವಂಥದ್ದೇನೂ ಕಾಣುವುದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತೆಂಬ ಚಿಂತೆಯೂ ನಿಮಗೆ ಬೇಡ. 2600 ವಿಂಡೋಸ್ 11ರ ಒಪ್ಪಿಗೆಯ ಪಟ್ಟಿಯಲ್ಲಿದೆ, ಬಯಾಸಿನಲ್ಲಿ ಟಿಪಿಎಂ ಎಂಬ ಭದ್ರತಾ ಸೌಲಭ್ಯ ಆನ್ ಮಾಡಿದರಾಯಿತು.

ನಾನು ಹಾಕುವ ಸರದಿ ಇದು. ಈ ವಾರ ಪರೀಕ್ಷೆ, ಆಮೇಲೆ ರ‍್ಯಾಮ್ ಮತ್ತು ಎಸ್‌ಎಸ್‌ಡಿ. ಅಷ್ಟಕ್ಕೇ ನಿಲ್ಲುವ ರೋಗ ಹೋಗುತ್ತದೆಯೇ ನೋಡಿ ಒಂದು ತಿಂಗಳು ಆಡಿ. ಬಳಿಕ ಎಸ್‌ಎಂಪಿಎಸ್ ಮತ್ತು ಕಾರ್ಡ್ ಒಟ್ಟಿಗೆ. ಕಾರ್ಡ್ ಕೊಳ್ಳುವ ಮೊದಲು ಕ್ಯಾಬಿನೆಟ್ಟಿನ ಒಳಗೆ, ಮುಂದಿನ ಫ್ಯಾನಿನ ತನಕ ಎಷ್ಟು ಜಾಗವಿದೆ ಎಂದು ಅಳತೆ ಪಟ್ಟಿಯಲ್ಲೇ ಅಳೆಯಿರಿ, ಕಣ್ಣಳತೆ ಮೋಸ ಮಾಡುತ್ತದೆ. ಎನ್‌ವಿಡಿಯಾದಿಂದ ಎಎಂಡಿಗೆ ಹೋಗುವುದಾದರೆ ಹಳೆಯ ಡ್ರೈವರನ್ನು ಡಿಡಿಯು ಎಂಬ ಸಾಧನದಿಂದ ಪೂರ್ತಿ ತೊಳೆದು ಹಾಕಿ. ಹೊಸ ಕಾರ್ಡ್ ಕೂತಮೇಲೆ ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ 144 ಹರ್ಟ್ಸ್ ಎಂದೇ ಇದೆಯೇ ನೋಡಿ, ಎಷ್ಟೋ ಸಲ ಅದು ಸದ್ದಿಲ್ಲದೆ 60ಕ್ಕೆ ಇಳಿದಿರುತ್ತದೆ. ಪ್ರೊಸೆಸರ್ ಕೊನೆಯ ಸರದಿ, ಅದೂ ರೆಸಲ್ಯೂಶನ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ಬೇಕೆನಿಸಿದರೆ.

ಹಳೆಯ 1060ನ್ನು ಕೂಡಲೇ ಮಾರಬೇಡಿ. ನಿಮ್ಮ 2600ರಲ್ಲಾಗಲಿ, ನಾನು ಹೇಳಿದ 5600 ಮತ್ತು 3ಡಿ ಪ್ರೊಸೆಸರುಗಳಲ್ಲಾಗಲಿ ಒಳಗೆ ಗ್ರಾಫಿಕ್ಸ್ ಇಲ್ಲ. ಬೋರ್ಡಿನ ಹಿಂದೆ ಎಚ್‌ಡಿಎಂಐ ಪೋರ್ಟ್ ಇದ್ದರೂ ಅದರಲ್ಲಿ ಏನೂ ಬರುವುದಿಲ್ಲ. ಹೊಸ ಕಾರ್ಡ್ ವಾರಂಟಿಗೆ ಹೋಗಿ ತಿಂಗಳು ಕೂತರೆ ಪರದೆಯಲ್ಲಿ ಬೆಳಕು ಕಾಣಿಸಲು ಮನೆಯಲ್ಲಿರುವುದು ಅದೊಂದೇ.